ಆರ್ ಬೇರೆ, ಗುಂಟೆ ಬೇರೆ

ಗಡಿಯಾಚೆ ಉದಗೀರ, ದೇಗಲೂರ ಕಡೆ ಹೊಲದ ವ್ಯವಹಾರ ಮಾಡುವ ಔರಾದ, ಭಾಲ್ಕಿಯ ರೈತರು ಅಳತೆಯ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಪಹಣಿಯಲ್ಲಿರುವುದು ಎಕರೆ-ಗುಂಟೆ. ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್-ಆರ್. ‘ಆರ್ ಅಂದರೆ ಗುಂಟೆಯೇ’ ಎಂಬ ಮಾತು ಪೂರ್ತಿ ನಿಜವಲ್ಲ. ಗುಂಟೆಯು 33 ಅಡಿ ಸರಪಳಿಯ ಚೌಕ, 1,089 ಚದರ ಅಡಿ. ಆರ್ 10 ಮೀಟರಿನ ಚೌಕ, ಸುಮಾರು 1,076 ಚದರ ಅಡಿ. ಈ 13 ಚದರ ಅಡಿ ದೊಡ್ಡದೇನಲ್ಲ. ಆದರೆ ಒಂದು ಹೆಕ್ಟೇರಿಗೆ 100 ಗುಂಟೆಯ ಬೆಲೆ ಕೊಟ್ಟವರಿಗೆ ಸಿಗುವುದು 98.84 ಗುಂಟೆ ಮಾತ್ರ. ಖೋತಾ ಸುಮಾರು 1 ಗುಂಟೆ 2½ ಆಣೆ. ಬೀದರ ನಗರದಲ್ಲಾದರೆ 30×40 ಅಡಿ ನಿವೇಶನಕ್ಕಿಂತ ಹೆಚ್ಚು! ಖರೀದಿ ಪತ್ರ ಬರೆಸುವ ಮೊದಲು ಹೆಕ್ಟೇರನ್ನು 2.471ರಿಂದ ಗುಣಿಸಿ ಎಕರೆ ಮಾಡಿಕೊಳ್ಳಿರಿ. ದಶಮಾಂಶದ ಭಾಗವನ್ನು 40ರಿಂದ ಗುಣಿಸಿದರೆ ಗುಂಟೆ ಬರುತ್ತದೆ. ಹೀಗೆ 1 ಹೆಕ್ಟೇರ್ ಎಂದರೆ 2 ಎಕರೆ 18.84 ಗುಂಟೆ.