ಗರಗಸಕ್ಕಿಂತ ಮೊದಲು ಪಂಚನಾಮೆ

ಭರಣಿ ಮಳೆ ಗಾಳಿ ಕಟ್ಟಿಕೊಂಡು ಬಂದರೆ ಕಲಘಟಗಿ ತಾಲೂಕಿನಲ್ಲಿ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಆಪೂಸ್ ಕಾಯಿ ನೆಲ ಕಾಣುತ್ತದೆ, ಗಾಳಿ ಇನ್ನೂ ಜೋರಾದರೆ ಗಿಡಗಳೇ ಉರುಳುತ್ತವೆ. ಬಮ್ಮಿಗಟ್ಟಿಯ ನಮ್ಮ ಹಿರಿಯರ ಮನೆಯ ಹಿತ್ತಲಿನ ಬೇವಿನ ಗಿಡವೂ ಹೀಗೇ ಒಂದು ಸಂಜೆ ಬೇರುಸಹಿತ ಕಿತ್ತು ದನದ ಕೊಟ್ಟಿಗೆಯ ಮೇಲೆ ಬಿತ್ತು. ಕೊಟ್ಟಿಗೆಯ ಪತ್ರಾಸು ಮಡಚಿಹೋಯಿತು, ಅಡುಗೆಮನೆಯ ಹಂಚು ಒಡೆಯಿತು, ಮಣ್ಣಿನ ಗೋಡೆಯೊಂದು ಬಿರುಕುಬಿಟ್ಟಿತು. ಮೋಡ ಕಂಡ ಕೂಡಲೇ ಅಣ್ಣ ಎಮ್ಮೆಗಳನ್ನು ಮನೆಯೊಳಗೆ ಕಟ್ಟಿದ್ದರಿಂದ ಅವು ಉಳಿದವು. ಆದರೆ ಆ ಗಿಡದಿಂದ ನಮಗೆ ಒಟ್ಟು ಎಷ್ಟು ಖರ್ಚು, ಎಷ್ಟು ವಾಪಸು ಎಂಬುದು ನಿರ್ಧಾರವಾದದ್ದು ಮರುದಿನ ಬೆಳಿಗ್ಗೆ.

ಬೆಳಗಾಗುವಷ್ಟರಲ್ಲಿ ಕಟ್ಟಿಗೆ ವ್ಯಾಪಾರಿ ಬಾಗಿಲಿಗೆ ಬಂದಿದ್ದ. "ಕೂಲಿ ನೀವೇನೂ ಕೊಡಬ್ಯಾಡ್ರಿ ಅಣ್ಣಾರ, ಗಿಡಾ ನಾವ ಕಡದು ಒಯ್ತೀವಿ. ಸಂಜೀ ಅನ್ನೂದ್ರಾಗ ಹಿತ್ತಲಾ ಸ್ವಚ್ಛ ಆಗ್ತೈತಿ" ಅಂದ. ಕೊಟ್ಟಿಗೆಯ ಮೇಲೆ ಗಿಡ ಬಿದ್ದಿರುವ ಯಾವ ಮನೆಯವರಿಗೂ ಈ ಮಾತು ದೊಡ್ಡ ಉಪಕಾರದಂತೆಯೇ ಕೇಳಿಸುತ್ತದೆ. ಅಣ್ಣ ಮಾತ್ರ ಒಪ್ಪಲಿಲ್ಲ. "ತಲಾಟಿ ಬಂದು ನೋಡೂತನಕ ಒಂದು ಟೊಂಗಿನೂ ಮುಟ್ಟೂದು ಬ್ಯಾಡ" ಅಂದ. ನನ್ನ ಪ್ರಕಾರ ಅವತ್ತು ನಮ್ಮ ಮನೆಯ ಹಣ ಉಳಿಸಿದ್ದು ಆ ಒಂದು ಮಾತು.

ಯಾಕೆಂದರೆ ಪ್ರಕೃತಿ ವಿಕೋಪ ಪರಿಹಾರಕ್ಕೆ ಒಂದು ಗೆರೆ ಇದೆ. 2022-23ರಿಂದ 2025-26ರವರೆಗಿನ ರಾಜ್ಯ ವಿಪತ್ತು ಸ್ಪಂದನಾ ನಿಧಿಯ, ಅಂದರೆ ಎಸ್‌ಡಿಆರ್‌ಎಫ್ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಆದರೆ ಹಾನಿ ಕನಿಷ್ಠ ಶೇ 15ರಷ್ಟಿರಬೇಕು. ಮನೆಗೆ ಹೊಂದಿದ ಕೊಟ್ಟಿಗೆಗೆ 3,000. ಬಯಲುಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ತನ್ನದನ್ನೂ ಸೇರಿಸಿ ಕೊಟ್ಟದ್ದುಂಟು. ಮೊತ್ತ ಸಣ್ಣದು, ನಿಜ. ಆದರೆ ಹಾನಿ ಶೇ 10 ಎಂದು ಬರೆಯುವುದೋ ಶೇ 20 ಎಂದೋ ಎಂಬುದು ಪಂಚನಾಮೆ ಮಾಡುವವರ ಕಣ್ಣಿಗೆ ಏನು ಬೀಳುತ್ತದೆ ಎಂಬುದರ ಮೇಲೇ ನಿಂತಿದೆ. ಗಿಡ ಎತ್ತಿ, ಹಂಚಿನ ಚೂರು ಗುಡಿಸಿ, ಗೋಡೆಗೆ ಮಣ್ಣು ಮೆತ್ತಿದ ಮೇಲೆ ಅವರಿಗೆ ಕಾಣುವುದು ಗಟ್ಟಿಯಾಗಿ ನಿಂತ ಮನೆ. ಮಳೆ ನಿಲ್ಲದೆ ತೆರವು ಮಾಡಲೇಬೇಕಾದರೆ ಮೊದಲು ನಾಲ್ಕೂ ಕಡೆಯಿಂದ ಫೋಟೋ, ಬುಡದಿಂದ ತುದಿಯವರೆಗೆ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ.

ಇನ್ನು ಆ ವ್ಯಾಪಾರಿಯ "ಉಪಕಾರ"ದ ಲೆಕ್ಕ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿದರೆ ಘನ ಅಡಿ ಸಿಗುತ್ತದೆ. ನಮ್ಮ ಬೇವಿನ ಬೊಡ್ಡೆ ಆರು ಅಡಿ ಸುತ್ತು, ನೆಟ್ಟಗೆ ಎಂಟು ಅಡಿ ಉದ್ದ: ಒಂದೂವರೆ ಒಂದೂವರೆಗೆ ಎರಡೂಕಾಲು, ಎಂಟರಿಂದ ಗುಣಿಸಿದರೆ 18 ಘನ ಅಡಿ. ಸಾ ಮಿಲ್‌ನವರು ಅಳೆಯುವ ಪದ್ಧತಿಯೇ ಇದು. ನಿಜವಾದ ಗಾತ್ರದಲ್ಲಿ ಸುಮಾರು ಶೇ 21ನ್ನು ಇದು ಮೊದಲೇ ಬಿಟ್ಟುಬಿಡುತ್ತದೆ. ಅಂದರೆ ತೊಗಟೆ, ಕೊಯ್ತದ ಪುಡಿ ಎಂದು ಮತ್ತೊಮ್ಮೆ ಕಡಿತ ಹೇಳಿದರೆ ಒಪ್ಪಬೇಕಿಲ್ಲ. ಟೇಪು ಹಿಡಿದು ಅಳೆದು, ಹುಬ್ಬಳ್ಳಿಯ ಇನ್ನೊಂದು ಕಡೆಯೂ ದರ ಕೇಳಿದ ಮೇಲೆ ಕಡಿಯುವ ಕೂಲಿಯೂ ಹುಟ್ಟಿತು, ಹೊಸ ಪತ್ರಾಸಿನ ಖರ್ಚಿಗೂ ಒಂದಿಷ್ಟು ಬಂತು. ಟೊಂಗೆ-ಸೀಳು ಒಲೆಗೆ ಉಳಿದವು. ಬೇವಿನ ಹಲಗೆಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಬಾಗಿಲು ಚೌಕಟ್ಟು ಮಾಡಿಸುವ ವಿಚಾರವಿದ್ದರೆ ಮಾರುವ ಬದಲು ಕೊಯ್ಸಿಟ್ಟುಕೊಳ್ಳುವುದೇ ಲಾಭ.

"ನಮ್ಮ ಹಿತ್ತಲ ಗಿಡಕ್ಕೆ ಫಾರೆಸ್ಟಿನವರ ಅಪ್ಪಣೆ ಯಾಕ್ರೀ?" ಎಂದು ಊರಲ್ಲಿ ಕೇಳುವವರು ಬಹಳ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ 8ನೇ ಕಲಂ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ಅನುಮತಿ ಬೇಕು. ತೆಂಗು, ನೀಲಗಿರಿಯಂಥವಕ್ಕೆ ವಿನಾಯಿತಿ. ಆದರೆ ಅದೇ ಕಲಮಿನಲ್ಲಿ ನಮ್ಮ ಪರವಾದ ಮಾತೂ ಇದೆ: ಒಣಗಿದ, ಗಾಳಿಗೆ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯವಾದ, ಸಿಡಿಲು-ಮಳೆಗೆ ಹಾಳಾದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ, ಜೊತೆಗೆ ಫೋಟೋ, ಉತಾರ ಕೊಡಿ. ಸಾಗವಾನಿಯಾಗಿದ್ದರೆ ಇದು ಇನ್ನೂ ಮುಖ್ಯ. ರಹದಾರಿ ಇಲ್ಲದೆ ಗಾಡಿ ಹೊರಬಿದ್ದರೆ ದಿಮ್ಮಿಯೂ ಹೋಗುತ್ತದೆ, ಕೇಸೂ ಆಗುತ್ತದೆ.

ವಿಮೆಯ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಟ್ರ್ಯಾಕ್ಟರಿಗೆ, ಬೈಕಿಗೆ ವಿಮೆ ಮಾಡಿಸುವ ನಮ್ಮ ಜನ ಮನೆಗೆ ಮಾಡಿಸುವುದಿಲ್ಲ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಬಿರುಗಾಳಿಯ ಹಾನಿ ಸೇರಿದೆ, ಮನೆಯ ಮೇಲೆ ಮರ ಬೀಳುವುದೂ ಹೆಸರು ಹೇಳಿಯೇ ಸೇರಿದೆ. ಅವಶೇಷ ತೆರವಿಗೆ ಮಾತ್ರ ಕ್ಲೇಮಿನ ಶೇ 2ರವರೆಗಷ್ಟೇ ಸಿಗುತ್ತದೆ. 50,000ದ ಕ್ಲೇಮಿಗೆ 1,000 ರೂಪಾಯಿ. ಹಾಗಾಗಿ ಕಡಿಯುವ ಕೂಲಿ ಕಟ್ಟಿಗೆಯಿಂದಲೇ ಹುಟ್ಟಬೇಕು. ಗೋಡೆ ಮಣ್ಣಿನದು, ಮಾಡು ಹಂಚಿನದು ಎಂಬುದನ್ನು ಅರ್ಜಿಯಲ್ಲೇ ಬರೆಸಿ. ಸಾಲ ಮಾಡಿ ಮನೆ ಕಟ್ಟಿದವರು ಬ್ಯಾಂಕಿನಲ್ಲಿ ಕೇಳಿ ನೋಡಿ, ಪಾಲಿಸಿ ಆಗಲೇ ಇದ್ದೀತು.

ಅರ್ಧ ಸೀಳಿದ ಮಾವಿನ ಗಿಡವನ್ನು ಗಾಬರಿಯಲ್ಲಿ ಕಡಿಸಬೇಡಿ. ಬೊಡ್ಡೆ ಗಟ್ಟಿಯಿದ್ದು ಅರ್ಧಕ್ಕಿಂತ ಹೆಚ್ಚು ನೆತ್ತಿ ಉಳಿದಿದ್ದರೆ ಅದು ಚಿಗುರುತ್ತದೆ. ಮುರಿದ ಟೊಂಗೆಯನ್ನು ಮೊದಲು ಕೆಳಗಿನಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕೊಯ್ಯಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ಹತ್ತು ಲೀಟರ್. ಫಲ ಕೊಡುವ ಆಪೂಸ್ ಗಿಡದ ವರ್ಷದ ಆದಾಯದ ಮುಂದೆ ಅದರ ಕಟ್ಟಿಗೆಯ ಬೆಲೆ ಏನೂ ಅಲ್ಲ. ಪಕ್ಕದ ಮನೆಯವರ ಗಿಡ ನಿಮ್ಮ ಮಾಡಿನ ಮೇಲೆ ವಾಲಿದ್ದರೆ ಮೊದಲು ಕೂತು ಮಾತಾಡಿ. ಕೇಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

ಗಿಡ ತಂತಿಯ ಮೇಲೆ ಬಿದ್ದಿದ್ದರೆ ಈ ಲೆಕ್ಕ ಯಾವುದೂ ಬೇಡ, ದನಕರುಗಳನ್ನೂ ಹತ್ತಿರ ಬಿಡಬೇಡಿ. 1912ಕ್ಕೆ ಫೋನ್ ಮಾಡಿ, ಹೆಸ್ಕಾಂನವರು ಲೈನ್ ಬಂದ್ ಮಾಡಿದ್ದೇವೆ ಎಂದು ಹೇಳುವವರೆಗೆ ಕಾಯಿರಿ. ಉಳಿದವರು ರೋಹಿಣಿ ಮಳೆಗೆ ಮುಂಚೆ ಒಂದು ಕೆಲಸ ಮಾಡಿ: ಮನೆ, ಕೊಟ್ಟಿಗೆ, ಹಿತ್ತಲ ಗಿಡಗಳ ಫೋಟೋ ಈಗಲೇ ತೆಗೆದು, ಬೇರೆ ಊರಲ್ಲಿರುವ ಮಕ್ಕಳ ಮೊಬೈಲಿಗೆ ಕಳಿಸಿಡಿ.