ಸೆಕೆಂಡ್ ಹ್ಯಾಂಡ್ ಕಾರು: ಮೀಟರಿಗಿಂತ ಮೊದಲು ಬಿಲ್ಲು ನೋಡಿ

ಹಳೆ ಕಾರು ಕೊಳ್ಳುವ ಮುನ್ನ ಸರ್ವಿಸ್ ದಾಖಲೆಯಲ್ಲಿ ಏನು ನೋಡಬೇಕು ಎಂದು ಮುಂಬಯಿಯ ಗೋರೆಗಾಂವ್ ಮತ್ತು ಆಸುಪಾಸಿನ ಓದುಗರು ಕೇಳಿದ್ದಾರೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಗಳಿವೆ.

ಪ್ರಶ್ನೆ: ನಮ್ಮ ಸೊಸೈಟಿಯ ಹಿರಿಯರೊಬ್ಬರು 2018ರ ಪೆಟ್ರೋಲ್ ವ್ಯಾಗನ್‌ಆರ್ ಮಾರುತ್ತಿದ್ದಾರೆ. ಏಳು ವರ್ಷಕ್ಕೆ ಬರೀ 23,000 ಕಿ.ಮೀ. ಓಡಿದೆ. ಫ್ರೀ ಸರ್ವಿಸ್ ಮೂರೂ ಆಗಿವೆ, ಆಮೇಲೆ ಒಂದೇ ಸಲ ಸರ್ವಿಸ್ ಆಗಿದೆ. ‘ಹತ್ತು ಸಾವಿರಕ್ಕೊಂದು ಸರ್ವಿಸ್ ತಾನೆ? ಲೆಕ್ಕ ಸರಿಯಾಗಿಯೇ ಇದೆ’ ಎನ್ನುತ್ತಾರೆ. ಧೈರ್ಯವಾಗಿ ತೆಗೆದುಕೊಳ್ಳಬಹುದೇ?
— ಮೋತಿಲಾಲ್ ನಗರದ ಓದುಗರು

ಉತ್ತರ: ಅವರು ಅರ್ಧ ಲೆಕ್ಕ ಮಾತ್ರ ಹೇಳಿದ್ದಾರೆ. ಕಂಪನಿಯ ಪುಸ್ತಕದಲ್ಲಿ ಇರುವುದು ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು. ಈ ಗಾಡಿಗೆ ವರ್ಷವೇ ಮೊದಲು ಬರುತ್ತದೆ. ಹಾಗಾಗಿ ಇಷ್ಟರಲ್ಲಿ ಏಳು ಸಲವಾದರೂ ಆಯಿಲ್ ಬದಲಾಗಿರಬೇಕಿತ್ತು.

ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ಓಡುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಮತ್ತು ಅರೆಬೆಂದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತವೆ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿದರೆ ಅವು ಆರಿಹೋಗುತ್ತವೆ, ಎರಡು ಕಿಲೋಮೀಟರ್ ಓಡಾಟದಲ್ಲಿ ಹಾಗೇ ಉಳಿಯುತ್ತವೆ. ಆಯಿಲ್ ಬದಲಿಸದೆ ಹೋದರೆ ಅದು ಕ್ರಮೇಣ ಕಪ್ಪು ಜಿಗುಟಾಗಿ ಆಯಿಲ್ ಓಡುವ ಸಣ್ಣ ದಾರಿಗಳನ್ನು ಕಟ್ಟುತ್ತದೆ.

ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಲು ಎಂಜಿನ್ ಸುಮಾರು 167 ಗಂಟೆ ದುಡಿದರೆ ಸಾಕು. ಎಸ್.ವಿ. ರೋಡಿನ ಸಂಜೆಯ ದಟ್ಟಣೆಯಲ್ಲಿ 15 ಕಿ.ಮೀ. ಸರಾಸರಿ ಸಿಕ್ಕಿತು ಎಂದುಕೊಂಡರೆ ಅಷ್ಟೇ ದೂರಕ್ಕೆ 667 ಗಂಟೆ ಬೇಕು. ಮೀಟರಿನಲ್ಲಿ ಎರಡೂ ಒಂದೇ. ನಿಂತು ನಿಂತು ಓಡುವ ಗಾಡಿಗೆ ಸರ್ವಿಸ್ ಇನ್ನೂ ಬೇಗ ಮಾಡಿಸಿ ಎಂದು ಕಂಪನಿಗಳು ಮಾಲೀಕರ ಪುಸ್ತಕದಲ್ಲೇ ಬರೆದಿರುತ್ತವೆ.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ತೆಗೆಸಿ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಡಿಭಾಗ ನೋಡಿ. ತೆಳುವಾದ ಕಂದು ಎಣ್ಣೆ ಇದ್ದರೆ ಚಿಂತೆಯಿಲ್ಲ. ಬೆರಳಿಗೆ ಟಾರಿನಂತೆ ಅಂಟಿದರೆ ಆಯಿಲ್ ವರ್ಷಗಟ್ಟಲೆ ಬದಲಾಗಿಲ್ಲ. ಹಾಲು ಬೆರೆಸಿದಂಥ ಬಣ್ಣವಿದ್ದರೆ ನೀರು ಸೇರಿದೆ, ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೆರೆ ಸವೆಯದಿದ್ದರೂ ಅಷ್ಟು ಹಳೆಯ ರಬ್ಬರ್ ಗಡುಸಾಗಿರುತ್ತದೆ. ಬ್ರೇಕ್ ಆಯಿಲ್ ಗಾಡಿ ನಿಂತಲ್ಲೇ ಇದ್ದರೂ ಗಾಳಿಯ ತೇವ ಹೀರುತ್ತದೆ. ಎಂಜಿನ್ ಆಯಿಲ್ ಮುಚ್ಚಳ ಶುಭ್ರವಾಗಿದ್ದರೆ ಗಾಡಿ ಬಿಡಬೇಡಿ, ಆದರೆ ಟೈರು, ಬ್ಯಾಟರಿ, ಬ್ರೇಕ್ ಆಯಿಲ್, ಕೂಲೆಂಟ್ ಇಷ್ಟರ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ.

ಪ್ರಶ್ನೆ: ಲಿಂಕ್ ರೋಡಿನ ಡೀಲರ್ ಒಬ್ಬರು 2019ರ ಸಿಎನ್‌ಜಿ ಕಾರು ತೋರಿಸಿ ‘ಸಿಂಗಲ್ ಓನರ್, ಕಂಪನಿ ಸರ್ವಿಸ್’ ಎಂದರು. ಅವರು ಕೊಟ್ಟ ಹಾಳೆಯಲ್ಲಿ ಆಗಸ್ಟ್ 2020ಕ್ಕೆ 14,200 ಕಿ.ಮೀ., ಸೆಪ್ಟೆಂಬರ್ 2021ಕ್ಕೆ 41,900 ಕಿ.ಮೀ. ಎಂದಿದೆ. ಆಮೇಲೆ ಏನೂ ಇಲ್ಲ. ಈಗ, ನವೆಂಬರ್ 2025ರಲ್ಲಿ, ಮೀಟರ್ 58,000 ತೋರಿಸುತ್ತಿದೆ. ಇದನ್ನು ಹೇಗೆ ಓದಬೇಕು?
— ಗೋಕುಲ್‌ಧಾಮ್‌ನ ಓದುಗರು

ಉತ್ತರ: ಪ್ರತಿ ಸಾಲಿನಿಂದಲೂ ಅದರ ಹಿಂದಿನ ಸಾಲನ್ನು ಕಳೆದು ನೋಡಿ. ಮೊದಲ ಎರಡು ಸಾಲುಗಳ ನಡುವೆ 13 ತಿಂಗಳು, 27,700 ಕಿ.ಮೀ. ಅಂದರೆ ದಿನಕ್ಕೆ 70 ಕಿ.ಮೀ. ಕೋವಿಡ್ ನಿರ್ಬಂಧಗಳಿದ್ದ ಕಾಲದಲ್ಲಿ ಸ್ವಂತ ಗಾಡಿ ಅಷ್ಟು ಓಡಿದ್ದು ಏಕೆಂದು ಕೇಳಲೇಬೇಕು. ಬಾಡಿಗೆಗೆ ಓಡಿತ್ತೇ ಎಂದು ತಿಳಿಯಲು ಆರ್‌ಸಿಯಲ್ಲಿ ವಾಹನದ ವರ್ಗ ‘ಮೋಟರ್ ಕಾರ್’ ಎಂದಿದೆಯೋ ‘ಮೋಟರ್ ಕ್ಯಾಬ್’ ಎಂದಿದೆಯೋ ನೋಡಿ. ಪರವಾನಗಿ ಬದಲಿಸಿದ ಗಾಡಿಯಾದರೆ ಹಳೆಯ ದಾಖಲೆಯನ್ನೂ ಕೇಳಿ. ಇದೇ ಅವಧಿಯಲ್ಲಿ ಎರಡು ಸರ್ವಿಸ್ ಬೇಕಿದ್ದಲ್ಲಿ ಒಂದೇ ಆಗಿದೆ.

ಅಲ್ಲಿಂದ ಈಚೆಗೆ 50 ತಿಂಗಳಿಗೆ 16,100 ಕಿ.ಮೀ., ಅಂದರೆ ದಿನಕ್ಕೆ ಹತ್ತು ಹನ್ನೊಂದು. ದಿನಕ್ಕೆ 70 ಓಡುತ್ತಿದ್ದ ಗಾಡಿ ಹಠಾತ್ತನೆ ಹತ್ತಕ್ಕೆ ಇಳಿಯಿತು ಎಂದರೆ ಒಂದೋ ಅದು ಮೂಲೆಯಲ್ಲಿ ನಿಂತಿತ್ತು, ಇಲ್ಲವೇ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಹಾಳೆಯನ್ನು ನಂಬಿ ಕೂರದೆ, ಆರ್‌ಸಿಯಲ್ಲಿರುವ ಮಾಲೀಕರ ಒಪ್ಪಿಗೆ ಪಡೆದು ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟು ಪೂರ್ತಿ ಚರಿತ್ರೆ ತೆಗೆಸಿ. ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿದ್ದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ 58,000ದ ಮಾತು ನಂಬುವುದು ಕಷ್ಟ.

ವಿಮೆಯ ಕಾಗದವೂ ಸುಳಿವು ಕೊಡುತ್ತದೆ. ಕ್ಲೇಮ್ ಮಾಡದ ಮಾಲೀಕರಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ 20%ರಿಂದ ಶುರುವಾಗಿ ಐದು ವರ್ಷಕ್ಕೆ 50% ಮುಟ್ಟುತ್ತದೆ. ಸಿಂಗಲ್ ಓನರ್ ಗಾಡಿಗೆ ಈಗ ಸೊನ್ನೆ ಇದ್ದರೆ ಯಾವ ಅಪಘಾತಕ್ಕೆ ಕ್ಲೇಮ್ ಆಯಿತು ಎಂದು ಕೇಳಿ. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಆ ಪ್ರಮಾಣಪತ್ರ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಇನ್ನೊಂದು ವಿಷಯ: 2023ರ ಏಪ್ರಿಲ್ 1ರಿಂದ ಹಳೆ ವಾಹನ ಮಾರುವ ಡೀಲರ್‌ಗೆ ಆರ್‌ಟಿಒ ಅಧಿಕೃತ ಪತ್ರ ಬೇಕು, ತನ್ನ ವಶದಲ್ಲಿರುವ ಗಾಡಿ ಎಷ್ಟು ಓಡಿತು ಎಂಬ ದಾಖಲೆಯನ್ನೂ ಅವರು ಇಡಬೇಕು. ಎರಡನ್ನೂ ತೋರಿಸಿ ಎನ್ನಿ.

ಪ್ರಶ್ನೆ: ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸಿದ್ದೇವೆ, ಬಿಲ್ ಇಟ್ಟಿಲ್ಲ ಎನ್ನುತ್ತಾರೆ. ಇಂಥ ಗಾಡಿ ಬೇಡವೇ?
— ಆರೆ ರೋಡಿನ ಓದುಗರು

ಉತ್ತರ: ಹೊರಗೆ ಮಾಡಿಸಿದ್ದು ತಪ್ಪಲ್ಲ. ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಪಳಗಿದ ಗಾಡಿಗಳು ಬೇಕಷ್ಟಿವೆ. ಆ ಮೆಕ್ಯಾನಿಕ್ ಫೋನ್ ನಂಬರ್ ಕೇಳಿ, ಗ್ಯಾರೇಜಿಗೇ ಹೋಗಿ ‘ಕೊನೆಗೆ ಏನು ಬದಲಿಸಿದಿರಿ?’ ಎಂದು ವಿಚಾರಿಸಿ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಕೊಂಡ ಅಂಗಡಿ ಬಿಲ್ಲು ಅಥವಾ ಯುಪಿಐ ಪಾವತಿ ಸಿಕ್ಕರೂ ಆಯಿತು. ಏನೂ ಸಿಗದಿದ್ದರೆ ಸರ್ವಿಸ್ ಆಗಿಲ್ಲವೆಂದೇ ಎಣಿಸಿ, ಪೂರ್ಣ ಸರ್ವಿಸ್‌ಗೆ ಒಂದು ಗ್ಯಾರೇಜಿನಿಂದ ಅಂದಾಜು ಬರೆಸಿಕೊಂಡು ಆ ಮೊತ್ತ ಬೆಲೆಯಲ್ಲಿ ಕಳೆಯಿರಿ. ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ತಿಳಿದುಕೊಳ್ಳಿ. ಬೆಲ್ಟ್ ಇದ್ದು, ಅವಧಿ ಮುಗಿದು, ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನೂ ಸೇರಿಸಿ. ಓಡುವಾಗ ಬೆಲ್ಟ್ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ದೊಡ್ಡ ರಿಪೇರಿಯೇ ಬರುತ್ತದೆ.

ಪ್ರಶ್ನೆ: ಮಳೆನೀರಿನಲ್ಲಿ ಮುಳುಗಿದ ಗಾಡಿಯನ್ನು ಸರ್ವಿಸ್ ದಾಖಲೆಯಲ್ಲಿ ಗುರುತಿಸಬಹುದೇ?
— ಜವಾಹರ್ ನಗರದ ಓದುಗರು

ಉತ್ತರ: ಬಹುಮಟ್ಟಿಗೆ ಗುರುತಿಸಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಮುಳುಗಿದ ಗಾಡಿಗಳು ಈಗ ಮಾರುಕಟ್ಟೆಯಲ್ಲಿಲ್ಲ. ಆದರೆ ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದು ಮುಂಬಯಿಗರಿಗೆ ಹೊಸದಲ್ಲ. ಬಿಲ್ಲುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನವನ್ನು ಬೇರೆ ತೆಗೆಯಿರಿ. ಟೋಯಿಂಗ್, ಕಾರ್ಪೆಟ್ ತೆಗೆದು ಒಣಗಿಸಿದ್ದು, ಸ್ಟಾರ್ಟರ್ ಮೋಟರ್, ಆಲ್ಟರ್ನೇಟರ್, ವೈರಿಂಗ್, ಇಸಿಎಂ ಇವುಗಳಲ್ಲಿ ಎರಡು ಮೂರು ಒಂದೇ ಬಿಲ್ಲಿನಲ್ಲಿ ಕಂಡರೆ ನೀರು ನುಗ್ಗಿದ ಗಾಡಿಯೆಂದೇ ಅನುಮಾನಿಸಿ. ಆಮೇಲೆ ಗಾಡಿಯ ಬಳಿ ಹೋಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇರಬಹುದು. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಮಣ್ಣು ಕೂಡ ಅದನ್ನೇ ಹೇಳುತ್ತವೆ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಕುಂದಾಪುರದಲ್ಲಿ ನೆಲೆಸುವ ಯೋಚನೆಯಿದೆ. ಇಲ್ಲಿ ಕೊಂಡ ಗಾಡಿ ಅಲ್ಲಿಗೆ ಒಯ್ದರೆ ದಾಖಲೆಗಳ ಕತೆಯೇನು?
— ಮಲಾಡ್‌ನ ಓದುಗರು

ಉತ್ತರ: ಕಂಪನಿಯಲ್ಲೇ ಸರ್ವಿಸ್ ಆಗಿದ್ದರೆ ಚರಿತ್ರೆ ಉಡುಪಿಯ ಅಧಿಕೃತ ಸೆಂಟರ್‌ನಲ್ಲೂ ಕಾಣುತ್ತದೆ. ಹೊರಗಿನ ಗ್ಯಾರೇಜಿನ ಬಿಲ್ಲುಗಳನ್ನು ಮಾತ್ರ ನೀವೇ ಒಯ್ಯಬೇಕು. ಕೊಂಡ ಕೂಡಲೇ ಫಾರಂ 29 ಮತ್ತು 30 ಸಲ್ಲಿಸಿ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಫಾರಂ 35 ಸಿಗುವವರೆಗೂ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಕರ್ನಾಟಕದಲ್ಲಿ ಗಾಡಿಯ ವಯಸ್ಸು ನೋಡಿ ತೆರಿಗೆ ಹಾಕುತ್ತಾರೆ. ಅದನ್ನು ಕಟ್ಟಿದ ಮೇಲೆ ಮಹಾರಾಷ್ಟ್ರದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗಕ್ಕೆ ಅರ್ಜಿ ಹಾಕಬಹುದು. ಎರಡು ವರ್ಷದೊಳಗೆ ಊರಿಗೆ ಹೋಗುವುದು ಖಚಿತವಾಗಿದ್ದರೆ, ಇಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಅಲ್ಲಿನ ತೆರಿಗೆ ಸೇರಿಸಿ ನೋಡಿ. ಉಡುಪಿಯಲ್ಲೇ ಕೊಳ್ಳುವುದು ಲಾಭವೆಂದು ಲೆಕ್ಕ ಹೇಳಬಹುದು.