ಮನೆಯ ಅಲಂಕಾರವೂ ಅಂಗಡಿಯ ನಡತೆಯೂ

ಅನ್ನ, ಬಟ್ಟೆ, ವಸತಿಗಳು ದೊರೆತ ಮೇಲೆ ಮನುಷ್ಯನ ಮನಸ್ಸು ಸೊಗಸಿನ ಕಡೆಗೆ ತಿರುಗುವುದು ಸಹಜ. ನಮ್ಮ ಹಿರಿಯರು ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಅಂಗಳ ಸಾರಿಸಿ ರಂಗೋಲಿ ಇಟ್ಟು, ಗೋಡೆಗೆ ಸುಣ್ಣ ಕೆಮ್ಮಣ್ಣು ಬಳಿದು ಮನೆಯನ್ನು ಚೆಲುವಾಗಿಡುತ್ತಿದ್ದರು. ಅದಕ್ಕೆ ಬೇಕಾದದ್ದು ಹಿತ್ತಲಲ್ಲೋ ಸಂತೆಯಲ್ಲೋ ಸಿಗುತ್ತಿತ್ತು. ಕೆಟ್ಟರೆ ಮಾರನೆಯ ದಿನ ಮತ್ತೆ ಮಾಡಿಕೊಳ್ಳಬಹುದಾಗಿತ್ತು. ಇಂದು ಪರದೆ, ಜಮಖಾನ, ವಾಲ್‌ಪೇಪರು, ಕನ್ನಡಿ, ದೀಪಗಳೆಲ್ಲ ಹಣ ಕೊಟ್ಟು ತರಬೇಕಾದ ಸರಕುಗಳು. ಇವನ್ನು ಮಾರುವುದಕ್ಕೆಂದೇ ಜಿಲ್ಲಾ ಪಟ್ಟಣಗಳಲ್ಲಿಯೂ ದೊಡ್ಡ ಅಂಗಡಿಗಳು ಎದ್ದಿವೆ. ಈ ವ್ಯಾಪಾರದಲ್ಲಿ ಗಿರಾಕಿಗೂ ಅಂಗಡಿಗೂ ಇರಬೇಕಾದ ಸಂಬಂಧವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕಳೆದ ರಜೆಯಲ್ಲಿ ಎರಡು ತಿಂಗಳು ಇಂತಹ ಅಂಗಡಿಯೊಂದರಲ್ಲಿ ಕೆಲಸ ಮಾಡಿದೆನಾದ್ದರಿಂದ, ಪುಸ್ತಕದಲ್ಲಿ ಓದಿದ್ದರ ಜೊತೆಗೆ ಕಣ್ಣಾರೆ ಕಂಡದ್ದೂ ಇಲ್ಲಿ ಸೇರಿದೆ.

ಮೊದಲು ಈ ಸರಕಿನ ಸ್ವಭಾವವನ್ನು ತಿಳಿಯಬೇಕು. ಅಕ್ಕಿ ಬೇಳೆಗಳನ್ನು ನಾವು ತಿಂಗಳು ತಿಂಗಳೂ ಕೊಳ್ಳುತ್ತೇವೆ; ಅವುಗಳ ಗುಣದೋಷ ನಮಗೆ ಗೊತ್ತು. ಪರದೆಯನ್ನೋ ಜಮಖಾನವನ್ನೋ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ. ಮಾರುವವನಿಗೆ ಎಲ್ಲವೂ ಗೊತ್ತು, ಕೊಳ್ಳುವವನಿಗೆ ಹೆಚ್ಚೇನೂ ಗೊತ್ತಿಲ್ಲ. ಒಂದು ಪಕ್ಷಕ್ಕೆ ತಿಳಿವಳಿಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಇರುವ ವ್ಯಾಪಾರದ ತೊಡಕನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಈ ಅಂತರವನ್ನು ತುಂಬುವ ಮಾತೇ ಅಂಗಡಿಯ ನಿಜವಾದ ಸೇವೆ. ನಗುಮುಖ, ತಣ್ಣೀರು, ಕುರ್ಚಿ ಇವೆಲ್ಲ ಆಮೇಲಿನವು.

ನಾನು ಕಂಡ ಜಗಳಗಳಲ್ಲಿ ಬಹುಪಾಲು ಅಳತೆ, ಬಣ್ಣ, ಮಾತು ಎಂಬ ಮೂರರಿಂದ ಹುಟ್ಟುವಂಥವು.

ಅಳತೆಯನ್ನು ನೋಡೋಣ. ನಾಲ್ಕು ಅಡಿ ಅಗಲದ ಕಿಟಕಿಗೆ ನಾಲ್ಕು ಅಡಿ ಅಗಲದ ಬಟ್ಟೆ ಸಾಕೆಂದು ಗಿರಾಕಿ ಎಣಿಸುತ್ತಾನೆ. ಆದರೆ ಪರದೆ ನೆರಿಗೆಯಾಗಿ ಇಳಿಬೀಳಬೇಕಾದರೆ ಅದರ ಎರಡರಷ್ಟು, ಎಂದರೆ ಎಂಟು ಅಡಿ ಬೇಕಾಗುತ್ತದೆ. ಇದನ್ನು ಬಿಡಿಸಿ ಹೇಳದಿದ್ದರೆ ಅಂಗಡಿಯವನು ಸುಮ್ಮನೆ ಬಟ್ಟೆ ಹೇರುತ್ತಿದ್ದಾನೆಂಬ ಅನುಮಾನ ಹುಟ್ಟುತ್ತದೆ. ಗಜದ ಲೆಕ್ಕದಲ್ಲಿ ಬೆಳೆದ ಹಿರಿಯರಿಗೂ ಮೀಟರಿನಲ್ಲಿ ಬಿಲ್ಲು ಬರೆಯುವ ಹುಡುಗನಿಗೂ ನಡುವೆ ಮೀಟರಿಗೆ ಮೂರು ಅಂಗುಲಕ್ಕೂ ಮಿಕ್ಕ ವ್ಯತ್ಯಾಸವಿದೆ. ವಾಲ್‌ಪೇಪರಿನ ಸಾಮಾನ್ಯ ಸುರುಳಿ 53 ಸೆಂಟಿಮೀಟರ್ ಅಗಲ, ಸುಮಾರು 10 ಮೀಟರ್ ಉದ್ದವಿರುತ್ತದೆ. ಲೆಕ್ಕಕ್ಕೆ ಅದು 57 ಚದರಡಿ ಗೋಡೆಯನ್ನು ಮುಚ್ಚಬೇಕು. ಆದರೆ ಹೂವಿಗೆ ಹೂವು, ಬಳ್ಳಿಗೆ ಬಳ್ಳಿ ಕೂಡಿಸಿ ಅಂಟಿಸುವಾಗ ಒಂದಷ್ಟು ಕಾಗದ ಕತ್ತರಿಗೆ ಹೋಗುತ್ತದೆ. ಕೊರತೆ ಬಿದ್ದಾಗ ತಿಂಗಳು ಬಿಟ್ಟು ಇನ್ನೊಂದು ಸುರುಳಿ ತಂದರೆ, ಅದು ಬೇರೆ ಸಲ ಅಚ್ಚಾದದ್ದಾಗಿ ಬಣ್ಣ ಒಂದಿಷ್ಟು ಬೇರೆಯಾಗಿರಬಹುದು. ಆದಕಾರಣ ಸುರುಳಿಯ ಮೇಲಿನ ತಂಡದ ಸಂಖ್ಯೆಯನ್ನು ನೋಡಿ, ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಬೇಕು.

ಇನ್ನು ಬಣ್ಣ. ಅಂಗಡಿಯ ದೀಪದ ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಹಗಲು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಇದು ಮೋಸವಲ್ಲ, ಬೆಳಕಿನ ಗುಣ. ನಮ್ಮ ಅಂಗಡಿಯ ಹಿರಿಯ ನೌಕರರೊಬ್ಬರು ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ಕೊಟ್ಟು, “ಮನೆಗೆ ಒಯ್ದು ಹಗಲಲ್ಲೊಮ್ಮೆ, ರಾತ್ರಿ ಒಮ್ಮೆ ಗೋಡೆಗೆ ಹಿಡಿದು ನೋಡಿ. ಒಪ್ಪಿಗೆಯಾದರೆ ನಾಳೆ ಬನ್ನಿ” ಎನ್ನುತ್ತಿದ್ದರು. ಹೀಗೆ ಹೋದವರಲ್ಲಿ ಕೆಲವರು ಬರುತ್ತಲೇ ಇರಲಿಲ್ಲ. ಆದರೆ ಬಂದವರು ಮತ್ತೆ ಜಗಳಕ್ಕೆ ಬಂದುದನ್ನು ನಾನು ಕಾಣಲಿಲ್ಲ.

ಮಾತಿನ ವಿಚಾರಕ್ಕೆ ಒಂದು ಪ್ರಸಂಗವನ್ನು ಹೇಳುತ್ತೇನೆ. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಗಳ ನಿಶ್ಚಿತಾರ್ಥಕ್ಕೆಂದು ನಮ್ಮಲ್ಲಿ ಹತ್ತಿಯ ಪರದೆಗಳನ್ನು ಹೊಲಿಸಿಕೊಂಡಿದ್ದರು. ಏಳು ಅಡಿಯ ಪರದೆ ಮೊದಲ ಒಗೆತಕ್ಕೇ ಮೂರು ಅಂಗುಲ ಕುಗ್ಗಿತ್ತು. ಬೀಗರು ಬರುವುದಕ್ಕೆ ನಾಲ್ಕೇ ದಿನ ಉಳಿದಿತ್ತು. ಅವರು ಚೀಲದೊಡನೆ ಬಂದಾಗ, ಅಂಗಡಿಯ ಹುಡುಗ ಬಿಲ್ಲಿನ ಕೆಳಗಿದ್ದ “ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಆಕೆ ಕೋಪಗೊಳ್ಳಲಿಲ್ಲ. “ಹಿಂದಕ್ಕೆ ಕೊಡೋದಕ್ಕೆ ನಾನು ಬಂದಿಲ್ಲಪ್ಪ. ಒಗೆದರೆ ಕುಗ್ಗುತ್ತೆ ಅಂತ ಆವತ್ತು ಒಂದು ಮಾತು ಹೇಳಬಾರದಾಗಿತ್ತೇ, ಅಂತ ಕೇಳೋದಕ್ಕೆ ಬಂದೆ” ಎಂದರು. ಹುಡುಗನ ಬೆರಳು ಬಿಲ್ಲಿನ ಮೇಲೆಯೇ ಉಳಿಯಿತು, ಉತ್ತರ ಬರಲಿಲ್ಲ.

ಆ ಹಿರಿಯ ನೌಕರರೇ ಮುಂದೆ ಬಂದು, “ಅಮ್ಮಾ, ಒಳಗೆ ಬಂದು ಕೂತುಕೊಳ್ಳಿ” ಎಂದು ಚೀಲ ತೆಗೆದುಕೊಂಡರು. ಪರದೆಯ ಕೆಳ ಅಂಚಿನಲ್ಲಿ ನಾಲ್ಕು ಅಂಗುಲದ ಮಡಿಕೆ ಇತ್ತು. ಅದನ್ನು ಬಿಚ್ಚಿಸಿ, ಒಳಗಡೆ ತೆಳುವಾದ ಪಟ್ಟಿ ಕೊಟ್ಟು ಹೊಲಿಸಿ, ಮರುದಿನ ಸಂಜೆಗೆ ತಲುಪಿಸಿದರು. ಹೊಲಿಗೆಯ ಕೂಲಿ ಯಾರ ಲೆಕ್ಕಕ್ಕೆ ಎಂದು ಯಜಮಾನರು ಗೊಣಗಿದರೆಂಬುದೂ ನಿಜ. ಆದರೆ ಅಂದಿನಿಂದ ಹತ್ತಿಯ ಬಟ್ಟೆ ಕೇಳಿದವರಿಗೆಲ್ಲ ನೂರಕ್ಕೆ ಮೂರು ನಾಲ್ಕು ಪಾಲು ಕುಗ್ಗುವುದನ್ನು ಮೊದಲೇ ಹೇಳಬೇಕು, ಹೊಲಿಯುವ ಮುನ್ನ ಬಟ್ಟೆಯನ್ನು ನೀರಿಗೆ ಹಾಕಬೇಕು ಎಂಬ ನಿಯಮವನ್ನು ಅವರೇ ಮಾಡಿದರು. “ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ವ್ಯಾಪಾರಕ್ಕೂ ಸಲ್ಲುತ್ತದೆ.

ಎಲ್ಲ ಅಂಗಡಿಗಳೂ ಒಂದೇ ರೀತಿಯ ಸೇವೆಯನ್ನು ಕೊಡುವುದಿಲ್ಲವೆಂಬುದನ್ನೂ ಗಮನಿಸಬೇಕು. ಸ್ವೀಡನ್ನಿನಲ್ಲಿ 1943ರಲ್ಲಿ ಆರಂಭವಾದ ಐಕಿಯಾ ಸಂಸ್ಥೆ 2018ರಲ್ಲಿ ಹೈದರಾಬಾದಿನಲ್ಲಿಯೂ 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಮಳಿಗೆ ತೆರೆಯಿತು. ಅಲ್ಲಿನ ಕ್ರಮದಲ್ಲಿ ಗಿರಾಕಿ ತಾನೇ ನೋಡಿ, ತಾನೇ ಆರಿಸಿ, ಬಿಡಿ ಭಾಗಗಳ ಪೆಟ್ಟಿಗೆಯನ್ನು ಮನೆಗೆ ತಂದು ತಾನೇ ಜೋಡಿಸಿಕೊಳ್ಳಬಹುದು. ನೌಕರನ ದುಡಿಮೆಯ ಒಂದು ಪಾಲನ್ನು ಗಿರಾಕಿಯೇ ವಹಿಸಿಕೊಳ್ಳುವುದರಿಂದ ಖರ್ಚು ತಗ್ಗುತ್ತದೆ. ನಮ್ಮ ಪಟ್ಟಣದ ಅಂಗಡಿಯವನು ಮನೆಗೆ ಬಂದು ಅಳತೆ ತೆಗೆದು, ಹೊಲಿದು, ಮೊಳೆ ಹೊಡೆದು ಹೋಗುತ್ತಾನೆ. ಯಾವ ಬೆಲೆಯಲ್ಲಿ ಎಷ್ಟು ಸೇವೆ ಸೇರಿದೆಯೆಂಬುದು ಮೊದಲೇ ತಿಳಿದಿದ್ದರೆ ಎರಡೂ ನ್ಯಾಯವಾದ ಪದ್ಧತಿಗಳೇ.

ಮಾತಿನಿಂದ ಬಗೆಹರಿಯದಿದ್ದಾಗ ಕಾನೂನಿನ ಆಸರೆಯಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಅದರಂತೆ ರಶೀದಿ ಕೊಡದಿರುವುದು ಅನುಚಿತ ವ್ಯಾಪಾರ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದೂ ಹಾಗೆಯೇ. ನಮ್ಮ ಅಣ್ಣನವರು ಹೊಸ ಮನೆಗೆ ತರಿಸಿದ ಕನ್ನಡಿಯ ಮೂಲೆ ಸೀಳಿತ್ತು. ಮಾರಿದವರು ಸಾಗಣೆಯವರನ್ನು ತೋರಿಸಿದರು, ಸಾಗಣೆಯವರು ಕಟ್ಟಿದವರನ್ನು ತೋರಿಸಿದರು. ಅಣ್ಣನವರು ಪೆಟ್ಟಿಗೆ ಬಿಚ್ಚುವಾಗಲೇ ತೆಗೆದಿದ್ದ ಚಿತ್ರವನ್ನೂ ರಶೀದಿಯನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ದೂರಿತ್ತರು. ಕೆಲವು ದಿನಗಳಲ್ಲಿ ಬೇರೆ ಕನ್ನಡಿ ಬಂದಿತು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ಎರಡು ವರ್ಷಗಳೊಳಗೆ ದೂರು ಕೊಡಬೇಕು.

ಇಲ್ಲಿಗೆ ವಿಷಯದ ಒಂದು ಮುಖವಾಯಿತು. ಇನ್ನೊಂದು ಮುಖವನ್ನು ಗಿರಾಕಿಗಳು ಸಾಮಾನ್ಯವಾಗಿ ನೋಡುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇದ್ದು, ಐವತ್ತು ಥಾನು ಬಿಚ್ಚಿ ತೋರಿಸಿ, ಒಂದೂ ಮಾರಾಟವಾಗದೆ ಮತ್ತೆ ಸುತ್ತಿಡುವವನ ಮುಖದಲ್ಲಿ ನಗು ಎಲ್ಲಿಂದ ಬರಬೇಕು? ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿನ ಮೂಲಕ ಕೊಟ್ಟವು. ಒಂದು ಸ್ಟೂಲಿಗೂ ಶಾಸನ ಬೇಕಾಯಿತೆಂದರೆ, ಅದಕ್ಕೆ ಮೊದಲು ಎಷ್ಟು ಕಾಲುಗಳು ನೊಂದಿರಬೇಕೆಂಬುದನ್ನು ವಾಚಕರು ಊಹಿಸಬಹುದು. ನೌಕರನನ್ನು ಆದರದಿಂದ ಕಾಣದ ಯಜಮಾನನು ಅವನಿಂದ ಗಿರಾಕಿಗೆ ಆದರವನ್ನು ಹೇಗೆ ನಿರೀಕ್ಷಿಸಬಲ್ಲ? ಗಿರಾಕಿಯೂ “ಏಯ್” ಎಂದು ಕರೆಯುವ ಬದಲು “ಅಣ್ಣಾ”, “ತಮ್ಮಾ” ಎಂದರೆ ಅವನ ಗಂಟೇನೂ ಕರಗದು.

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ನಾಳೆ ಅಂಗಡಿಯ ಆಚೆ ಬದಿಗೂ ಈಚೆ ಬದಿಗೂ ನಿಲ್ಲುವವರೇ. ಕೊಳ್ಳುವಾಗ ಅಳತೆಯನ್ನು ಬರೆದುಕೊಂಡು ಹೋಗಿ. ರಶೀದಿಯನ್ನು ಕೇಳಿ ಪಡೆಯಿರಿ. ಒಗೆದರೆ ಏನಾಗುತ್ತದೆ, ಒಡೆದರೆ ಯಾರು ಹೊಣೆ ಎಂಬುದನ್ನು ಹಣ ಕೊಡುವ ಮುನ್ನವೇ ವಿಚಾರಿಸಿ. ಮಾರುವ ದಿನ ಬಂದಾಗ, ಅವರು ಕೇಳದಿದ್ದರೂ ನೀವೇ ಹೇಳಿ.